ಡಿವಿಡಿಯಲ್ಲಿ ತುಂಡಾದ ಕಾರ್ಯಕ್ರಮವನ್ನು ಒಂದಾಗಿಸುವ ಬಗೆ

ಹೊರನಾಡಿನ ಕನ್ನಡ ಸಂಘಗಳ ಕಪಾಟುಗಳಲ್ಲಿ 2000ದ ದಶಕದ ರಾಜ್ಯೋತ್ಸವ, ನಾಟಕ, ತಾಳಮದ್ದಲೆಗಳ ಡಿವಿಡಿಗಳು ಇಂದಿಗೂ ಇವೆ. ಮನೆಗಳಲ್ಲಿಯೂ ಮಕ್ಕಳ ರಂಗಪ್ರವೇಶ, ಹಿರಿಯರ ಷಷ್ಟ್ಯಬ್ದಿಗಳ ಡಿವಿಡಿಗಳಿವೆ. ಹೀಗೆ ಬರೆಸಿಕೊಂಡ ಡಿವಿಡಿ-ಆರ್ ತಟ್ಟೆಯಲ್ಲಿ ದೃಶ್ಯವನ್ನು ಹಿಡಿದಿರುವುದು ಸಾವಯವ ಬಣ್ಣದ ತೆಳು ಪದರ. ಬೆಳಕು, ಸೆಖೆ, ತೇವಗಳಿಗೆ ಅದು ಮಾಸುತ್ತದೆ. ಮುಂಬಯಿ, ಚೆನ್ನೈಗಳ ಕಡಲ ಹವೆಯಲ್ಲಿರುವವರು ಈ ಕೆಲಸವನ್ನು ಮುಂದೂಡದಿರುವುದು ಒಳಿತು.

ತಟ್ಟೆಯನ್ನು ಕಂಪ್ಯೂಟರಿಗೆ ಹಾಕಿದರೆ 'ವಿಡಿಯೊ_ಟಿಎಸ್' ಎಂಬ ಫೋಲ್ಡರ್ ಕಾಣುತ್ತದೆ. ಅದರಲ್ಲಿನ ವಿಒಬಿ ಕಡತಗಳೇ ದೃಶ್ಯ ಮತ್ತು ಧ್ವನಿ. ಐಎಫ್‌ಒ ಕಡತಗಳು ಯಾವುದರ ನಂತರ ಯಾವುದು ಎಂದು ಹೇಳುವ ಸೂಚಿಗಳು, ಬಿಯುಪಿ ಅವುಗಳದೇ ಪ್ರತಿ. ಡಿವಿಡಿಯ ನಿಯಮದಂತೆ ಒಂದು ವಿಒಬಿ ಕಡತ 1 ಜಿಬಿ ಮೀರುವಂತಿಲ್ಲ. ಆದ್ದರಿಂದಲೇ ತುಂಬಿದ ತುಂಡುಗಳ ಗಾತ್ರ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: 10,48,544 ಕೆಬಿ. ತಟ್ಟೆ ತುಂಬಿರುವ ಎರಡು ಗಂಟೆಗಳ ಕಾರ್ಯಕ್ರಮ ಹೀಗೆ ನಾಲ್ಕು ಪೂರ್ಣ ತುಂಡುಗಳೂ ಐದನೆಯದೊಂದು ಚೂರೂ ಆಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಕತ್ತರಿ ಬೀಳುವುದು ಗಾತ್ರವನ್ನು ನೋಡಿಯೇ ಹೊರತು ದೃಶ್ಯವನ್ನು ನೋಡಿ ಅಲ್ಲ. ಎಂಪೆಗ್-2 ವಿಧಾನದಲ್ಲಿ ಹತ್ತು ಹದಿನೈದು ಚಿತ್ರಗಳ ಒಂದೊಂದು ಗುಂಪಿನಲ್ಲಿ ಮೊದಲನೆಯದು ಮಾತ್ರ ಸಂಪೂರ್ಣ ಚಿತ್ರ; ಉಳಿದವು ನೆರೆಯ ಚಿತ್ರಗಳಿಂದಾದ ಬದಲಾವಣೆಯನ್ನಷ್ಟೇ ಹೇಳುತ್ತವೆ. ಕತ್ತರಿ ಗುಂಪಿನ ನಡುವೆ ಬಿದ್ದರೆ ಎರಡನೆಯ ತುಂಡಿನ ಮೊದಲ ಚಿತ್ರಗಳಿಗೆ ಆಧಾರವೇ ಇರುವುದಿಲ್ಲ. ನಾವು ಮೊದಮೊದಲು ತುಂಡುಗಳನ್ನು ಒಂದೊಂದಾಗಿ ಸಂಕಲನದ ತಂತ್ರಾಂಶಕ್ಕೆ ತಂದು ಸಾಲಾಗಿ ಜೋಡಿಸುತ್ತಿದ್ದೆವು. ತಾಳಮದ್ದಲೆಯೊಂದರಲ್ಲಿ ಅರ್ಥಧಾರಿಗಳ ಮಾತಿನ ನಡುವೆ ಪದವೊಂದು ನುಂಗಿಹೋಯಿತು. 'ಇಲ್ಲೇನೋ ಬಿಟ್ಟುಹೋಗಿದೆಯಲ್ಲ' ಎಂದು ಹಿರಿಯ ಸದಸ್ಯರೊಬ್ಬರು ಹೇಳಿದ ಮೇಲೆಯೇ ನಮಗೆ ತಿಳಿದದ್ದು. ಆ ಅರ್ಥಧಾರಿಗಳು ಈಗಿಲ್ಲ. ನಮ್ಮಲ್ಲಿರುವ ಅವರ ಧ್ವನಿ ಅದೊಂದೇ.

ಆದ್ದರಿಂದ ಮೊದಲು ಜೋಡಣೆ, ಆಮೇಲೆ ಸಂಕಲನ. ಮೊದಲು ಇಡೀ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ನಕಲಿಸಿಕೊಳ್ಳಬೇಕು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇಲ್ಲವಾದ್ದರಿಂದ ಯುಎಸ್‌ಬಿ ಡ್ರೈವ್ ಬೇಕಾದೀತು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ 'ಕಾಪಿ' ಆಜ್ಞೆಗೆ '/ಬಿ' ಸೇರಿಸಿ, ಕಡತಗಳ ಹೆಸರನ್ನು ಕ್ರಮವಾಗಿ ಕೂಡಿಸುವ ಚಿಹ್ನೆಯಿಂದ ಬೆಸೆದು, ಕೊನೆಗೆ ಹೊಸ ಕಡತದ ಹೆಸರನ್ನು ಕೊಟ್ಟರೆ ಸಾಕು (ಎಲ್ಲವೂ ಆಂಗ್ಲ ಅಕ್ಷರಗಳಲ್ಲಿ). '/ಬಿ' ಬಿಟ್ಟರೆ ಕಂಪ್ಯೂಟರ್ ಕಡತವನ್ನು ಬರಹವೆಂದು ಭಾವಿಸಿ ನಡುವೆಯೇ ನಿಲ್ಲಿಸಿಬಿಡಬಹುದು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ 'ಕ್ಯಾಟ್' ಆಜ್ಞೆ ಇದೇ ಕೆಲಸ ಮಾಡುತ್ತದೆ. 'ವಿಟಿಎಸ್_01_0' ಎಂಬುದು ಮೆನು, ಅದನ್ನು ಸೇರಿಸಬಾರದು. 'ವಿಟಿಎಸ್_02' ಎಂದು ಆರಂಭವಾಗುವವು ಬೇರೊಂದು ಗುಂಪಿನವು, ಅವುಗಳನ್ನು ಪ್ರತ್ಯೇಕವಾಗಿ ಜೋಡಿಸಬೇಕು.

ಹೊಸ ಕಡತ 4 ಜಿಬಿ ದಾಟಿದರೆ ಫ್ಯಾಟ್32 ಪೆನ್ ಡ್ರೈವ್ ಅದನ್ನು ಸ್ವೀಕರಿಸದು. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಬೇಕು.

ಒಂದೇ ಗುಂಪಿನಲ್ಲಿ ಹಲವು ಧ್ವನಿಮುದ್ರಣಗಳಿದ್ದರೆ ಪ್ರತಿಯೊಂದರ ಕಾಲಸೂಚಿಯೂ ಸೊನ್ನೆಯಿಂದ ಮೊದಲಾಗಬಹುದು. ಆಗ ಮೇಲಿನಂತೆ ಜೋಡಿಸಿದ ಕಡತ ಎರಡು ಗಂಟೆಗಳದ್ದಾದರೂ ಇಪ್ಪತ್ತೇ ನಿಮಿಷ ತೋರಿಸೀತು. ಧ್ವನಿ ತುಟಿಗಳ ಹೊಂದಾಣಿಕೆಯೂ ತಪ್ಪೀತು. ಅಂತಹಲ್ಲಿ ಐಎಫ್‌ಒ ಸೂಚಿಯನ್ನು ಓದಬಲ್ಲ ಮೇಕ್‌ಎಂಕೆವಿಯಂತಹ ತಂತ್ರಾಂಶ ಲೇಸು. ಅದು ಗುಣಮಟ್ಟ ಕೆಡಿಸದೆ ಎಂಕೆವಿ ಕಡತ ಮಾಡಿಕೊಡುತ್ತದೆ. ಉಚಿತವಾದ ಶಾಟ್‌ಕಟ್, ಕೆಡೆನ್‌ಲೈವ್‌ಗಳು ಅದನ್ನು ತೆರೆಯುತ್ತವೆ. ಹ್ಯಾಂಡ್‌ಬ್ರೇಕ್ ಜನಪ್ರಿಯವಾದರೂ ಅದು ದೃಶ್ಯವನ್ನು ಹೊಸದಾಗಿ ಕುಗ್ಗಿಸುತ್ತದೆ. ಸಂಕಲನಕ್ಕೆ ಮುನ್ನ ಹಾಗೆ ಮಾಡಿದರೆ ಸಂಕಲನದ ನಂತರ ಎರಡನೆಯ ಬಾರಿ ಕುಗ್ಗಿಸಬೇಕಾಗುತ್ತದೆ. ನಾವು ಇದನ್ನು ಒಪ್ಪುವುದಿಲ್ಲ.

ಇದೆಲ್ಲ ನಮ್ಮದೇ ಕಾರ್ಯಕ್ರಮಗಳ ಮಾತು. ಅಂಗಡಿಯಲ್ಲಿ ಕೊಂಡ ಚಲನಚಿತ್ರದ ತಟ್ಟೆಗೆ ಬೀಗವೂ ಇದೆ, ಹಕ್ಕುದಾರರೂ ಇದ್ದಾರೆ.

ಜೋಡಣೆ ಮುಗಿದ ಮೇಲೆ ಪ್ರತಿ ತುಂಡಿನ ಗಡಿಯನ್ನು, ಅಂದರೆ ತುಂಬಿದ ತಟ್ಟೆಯಲ್ಲಿ ಸುಮಾರು 27 ನಿಮಿಷಗಳಿಗೊಮ್ಮೆ, ಕಿವಿಗೊಟ್ಟು ಪರೀಕ್ಷಿಸಬೇಕು. ಮೂಲ ಫೋಲ್ಡರನ್ನು ಅಳಿಸುವುದು ಬೇಡ.