ಸೇಲಂ–ಧರ್ಮಪುರಿಯ ತಿಂಗಳ ಮಳೆ ಮತ್ತು ಬಂಗಾಳಕೊಲ್ಲಿಯ ಚಂಡಮಾರುತ

ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 850ರಿಂದ 1000 ಮಿಲಿಮೀಟರ್. ಜನವರಿಯಿಂದ ಮಾರ್ಚ್‌ವರೆಗಿನ ಮಳೆ ಹೆಸರಿಗೆ ಮಾತ್ರ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಒಮ್ಮೆ ಚೆನ್ನಾಗಿ ಸುರಿಯುತ್ತದೆ. ಕರ್ನಾಟಕದ ಕರಾವಳಿ ತೊಯ್ದು ತೊಪ್ಪೆಯಾಗುವ ಜೂನ್‌ನಲ್ಲಿ ಇಲ್ಲಿ ಮಳೆ ಮೇ ತಿಂಗಳಿಗಿಂತ ಕಡಿಮೆಯಾಗುತ್ತದೆ. ಆಗಸ್ಟ್‌ನಿಂದ ಮತ್ತೆ ಏರಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ನವೆಂಬರ್ ಮತ್ತು ಡಿಸೆಂಬರ್ ಮಳೆ ಮಾತ್ರ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇನ್ನೂರು ಕಿಲೋಮೀಟರ್ ಆಚೆಗಿರುವ ಬಂಗಾಳಕೊಲ್ಲಿ.

ಈ ಏರಿಳಿತಕ್ಕೆ ಕಾರಣ ಬೆಟ್ಟಗಳು. ನೈಋತ್ಯ ಮುಂಗಾರು ತನ್ನ ನೀರನ್ನು ಪಶ್ಚಿಮಘಟ್ಟಕ್ಕೆ ಸುರಿದು, ಒಣಗಾಳಿಯಾಗಿ ಪೂರ್ವಕ್ಕೆ ಇಳಿಯುತ್ತದೆ. ಹೊಗೇನಕಲ್ಲಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಜುಲೈನಲ್ಲಿ ಅಲ್ಲಿ ಮಳೆ ಅಷ್ಟಕ್ಕಷ್ಟೇ. ಆದರೆ ಕೊಡಗಿನಲ್ಲಿ ಸುರಿದ ನೀರು ಕಾವೇರಿಯಲ್ಲಿ ಕೆಂಪಾಗಿ ಬಂದು ಹರಿಗೋಲು ಓಡಿಸುವುದನ್ನೇ ನಿಲ್ಲಿಸಿಬಿಡುತ್ತದೆ. 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟು ಸೇಲಂ ಜಿಲ್ಲೆಯಲ್ಲೇ ಇದ್ದರೂ, ಅದು ತುಂಬುವುದು ಹೆಚ್ಚಾಗಿ ಬೇರೆಯವರ ಊರಿನ ಮಳೆಯಿಂದ. ಊರಿನ ಕೆರೆ, ಬಾವಿ, ಹೊಲಗಳಿಗೆ ನೀರಾಗಬೇಕಾದರೆ ಭರಣಿ, ಕೃತ್ತಿಕೆಯ ಗುಡುಗು ಮಳೆಯೋ ಉತ್ತರೆಯಿಂದ ಸ್ವಾತಿಯವರೆಗಿನ ಮಳೆಯೋ ಬರಬೇಕು.

ಅಕ್ಟೋಬರ್ ಮೂರನೇ ವಾರದ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ಇದೇ ಹಿಂಗಾರು. ಕೊಲ್ಲಿಯಲ್ಲಿ ಚಂಡಮಾರುತ ಏಳುವುದಕ್ಕೂ ಇದೇ ಹಂಗಾಮು. ಬಂಗಾಳಕೊಲ್ಲಿಗೆ ವರ್ಷದಲ್ಲಿ ಎರಡು ಚಂಡಮಾರುತ ಕಾಲಗಳಿವೆ: ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ಮತ್ತು ಮುಂಗಾರು ಕಳೆದ ಮೇಲಿನ ಅಕ್ಟೋಬರ್–ಡಿಸೆಂಬರ್. ಎರಡನೆಯದರಲ್ಲಿ ನವೆಂಬರ್‌ನದೇ ಜೋರು. ಬೆಚ್ಚಗಿನ ಕಡಲಿನಿಂದ ಮೇಲೇರುವ ಆವಿಯೇ ಚಂಡಮಾರುತದ ಇಂಧನ. ಆದ್ದರಿಂದ ದಡ ಹತ್ತಿದೊಡನೆ ಗಾಳಿಯ ಬಲ ಕುಂದುತ್ತದೆ. ಮಳೆ ಹಾಗಲ್ಲ, ಕಡಲ ಕಡೆಯಿಂದ ತೇವದ ಗಾಳಿ ಬರುತ್ತಿರುವವರೆಗೂ ಸುಳಿ ಸುರಿಯುತ್ತಲೇ ಇರುತ್ತದೆ. ದಾರಿಯಲ್ಲಿ ಬೆಟ್ಟ ಅಡ್ಡವಾದರೆ ಕೇಳುವುದೇ ಬೇಡ.

ಬೆಟ್ಟ ಮತ್ತು ಚಂಡಮಾರುತ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪವೇ ಜಗತ್ತಿನ ದೊಡ್ಡ ಉದಾಹರಣೆ. 1966ರ ಜನವರಿಯಲ್ಲಿ ಅಲ್ಲಿನ ಫೋಕ್ ಫೋಕ್ ಎಂಬಲ್ಲಿ 24 ಗಂಟೆಗಳಲ್ಲಿ 1825 ಮಿಲಿಮೀಟರ್ ಮಳೆಯಾಯಿತು. 2007ರ ಫೆಬ್ರವರಿಯಲ್ಲಿ ಗಮೀಡ್ ಚಂಡಮಾರುತ ಮೂರು ದಿನಗಳಲ್ಲಿ 3930 ಮಿಲಿಮೀಟರ್ ಸುರಿಸಿತು. ಇವೆರಡೂ ವಿಶ್ವ ದಾಖಲೆಗಳು.

ಸೇಲಂ ಸೀಮೆಯ ಶೇರ್ವರಾಯನ್, ಚಿತ್ತೇರಿ, ಕಲ್ವರಾಯನ್ ಬೆಟ್ಟಗಳು ಅಷ್ಟು ಎತ್ತರದವಲ್ಲ. ಕಾಫಿ ಬೆಳೆಯುವ ಏರ್ಕಾಡು ಇರುವುದು ಸುಮಾರು 1500 ಮೀಟರ್ ಎತ್ತರದಲ್ಲಿ. ಆದರೂ ಪೂರ್ವದಿಂದ ಬರುವ ತೇವದ ಗಾಳಿಯನ್ನು ಮೇಲಕ್ಕೆ ಎತ್ತಲು ಅಷ್ಟು ಸಾಕು ಎಂಬುದನ್ನು 2024ರ ಫೆಂಗಲ್ ಚಂಡಮಾರುತ ತೋರಿಸಿತು.

ಫೆಂಗಲ್ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಮುಟ್ಟಿತು. ಗಾಳಿಯ ವೇಗ ಗಂಟೆಗೆ 70–80 ಕಿಲೋಮೀಟರ್. ಚಂಡಮಾರುತಗಳ ಲೆಕ್ಕದಲ್ಲಿ ಇದು ಸಾಧಾರಣವೇ. ಅಪಾಯ ಇದ್ದದ್ದು ಅದರ ನಿಧಾನದಲ್ಲಿ. ಗಂಟೆಗಟ್ಟಲೆ ಅದು ಪುದುಚೇರಿ ಬಿಟ್ಟು ಕದಲಲಿಲ್ಲ. ಆಮೇಲೆ ಬಲ ಕಳೆದುಕೊಂಡು ಮೆಲ್ಲಗೆ ಪಶ್ಚಿಮಕ್ಕೆ ಸರಿಯಿತು. ಡಿಸೆಂಬರ್ 2ರ ಬೆಳಿಗ್ಗೆ ಮಳೆಮಾಪಕಗಳನ್ನು ನೋಡಿದಾಗ ಊತಂಗರೆಯಲ್ಲಿ 50 ಸೆಂಟಿಮೀಟರ್, ಧರ್ಮಪುರಿ ಜಿಲ್ಲೆಯ ಹರೂರಿನಲ್ಲಿ 33, ಏರ್ಕಾಡಿನಲ್ಲಿ 24 ಸೆಂಟಿಮೀಟರ್ ಮಳೆ ದಾಖಲಾಗಿತ್ತು. ಊತಂಗರೆ ಈಗ ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. 2004ರವರೆಗೆ ಧರ್ಮಪುರಿಯಲ್ಲೇ ಇತ್ತು. ಅಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ವ್ಯಾನು, ಕಾರುಗಳು ನೀರಿನಲ್ಲಿ ಕೊಚ್ಚಿಹೋದವು. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ ಊತಂಗರೆಯ ಒಂದೊಂದು ಎಕರೆಯ ಮೇಲೂ ಒಂದೇ ದಿನ ಬಿದ್ದದ್ದು 20 ಲಕ್ಷ ಲೀಟರ್. ಅಲ್ಲಿ ವರ್ಷವಿಡೀ ಬೀಳುವ ಮಳೆಯ ಅರ್ಧಕ್ಕಿಂತ ಹೆಚ್ಚು.

ಬೆಟ್ಟದ ನೀರು ನಿಂತಲ್ಲಿ ನಿಲ್ಲುವುದಿಲ್ಲ. ಶೇರ್ವರಾಯನ್ ಬೆಟ್ಟದ ಒಂದು ಮಗ್ಗುಲಿನದು ತಿರುಮಣಿಮುತ್ತಾರು ಹೊಳೆಯಾಗಿ ಸೇಲಂ ನಗರದ ನಡುವೆಯೇ ಹರಿಯುತ್ತದೆ; ಇನ್ನೊಂದು ಮಗ್ಗುಲಿನದು ವಾಣಿಯಾರಾಗಿ ಹರೂರಿನ ಕಡೆಗೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ಪಿನಾಕಿನಿಯೇ ತಮಿಳರ ತೆನ್‌ಪೆಣ್ಣೈ. ಫೆಂಗಲ್ ಮಳೆಗೆ ಈ ನದಿಯ ಸಾತನೂರು ಅಣೆಕಟ್ಟು ತುಂಬಿ, ಅಲ್ಲಿಂದ ಒಂದೂವರೆ ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು.

ಇಂಥ ಒಂದೆರಡು ದಿನಗಳು ತಿಂಗಳ ಸರಾಸರಿಯ ಅರ್ಥವನ್ನೇ ಕೆಡಿಸುತ್ತವೆ. ಡಿಸೆಂಬರ್‌ನ ಸರಾಸರಿ ಮಳೆ ಎಂದು ಪಟ್ಟಿಯಲ್ಲಿ ಕಾಣುವ ಅಂಕಿ ಹೆಚ್ಚಿನ ಡಿಸೆಂಬರ್‌ಗಳಲ್ಲಿ ಬೀಳುವುದೇ ಇಲ್ಲ. ಹಲವು ಒಣ ವರ್ಷಗಳ ಜೊತೆ ಎಂದೋ ಬಂದ ಚಂಡಮಾರುತವನ್ನು ಸೇರಿಸಿ ಭಾಗಿಸಿದ ಫಲ ಅದು. ಹೊಲ ಮಾಡುವವರಿಗೆ ಸರಾಸರಿಗಿಂತ ಮಳೆ ದಿನಗಳ ಸಂಖ್ಯೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹವಾಮಾನ ಇಲಾಖೆಯ ಪ್ರಕಾರ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬಿದ್ದ ದಿನವೇ ಮಳೆ ದಿನ. ರಾಗಿ, ಸಾಮೆ, ಹುರುಳಿಗೆ ಬೇಕಾದದ್ದು ಬಿಟ್ಟು ಬಿಟ್ಟು ಬರುವ ಹದಮಳೆ. ಸಬ್ಬಕ್ಕಿ ಕಾರ್ಖಾನೆಗಳಿಗೆ ಹೆಸರಾದ ಸೇಲಂನಲ್ಲಿ ಮರಗೆಣಸಿನ ಗೆಡ್ಡೆ ನೀರು ನಿಂತರೆ ಕೊಳೆಯುತ್ತದೆ, ಅಂಗಳದಲ್ಲಿ ಹರಡಿದ ಸಬ್ಬಕ್ಕಿ ಮೋಡ ಕವಿದರೆ ಒಣಗುವುದಿಲ್ಲ.

ಚಂಡಮಾರುತ ಬಂದ ಮಾತ್ರಕ್ಕೆ ಹಿಂಗಾರು ಚೆನ್ನಾಯಿತು ಎನ್ನುವಂತೆಯೂ ಇಲ್ಲ. 2016ರ ಡಿಸೆಂಬರ್ 12ರಂದು ವರ್ದಾ ಚೆನ್ನೈಗೆ ಅಪ್ಪಳಿಸಿತು. ಆದರೂ ಆ ಹಿಂಗಾರಿನಲ್ಲಿ ತಮಿಳುನಾಡಿಗೆ ಶೇಕಡಾ 62ರಷ್ಟು ಮಳೆ ಕೊರತೆಯಾಗಿ ಭೀಕರ ಬರ ಬಂತು. 2023ರ ಮಿಚಾಂಗ್ ಚೆನ್ನೈಯನ್ನು ಮುಳುಗಿಸಿ ಉತ್ತರಕ್ಕೆ ತಿರುಗಿ ಆಂಧ್ರದ ಬಾಪಟ್ಲ ಬಳಿ ದಡ ಸೇರಿತು. ಸೇಲಂ ಸೀಮೆಗೆ ನೀರು ಬರುವುದು ಸುಳಿ ಪುದುಚೇರಿ, ಕಡಲೂರಿನ ಆಸುಪಾಸಿನಲ್ಲಿ ದಡ ಹತ್ತಿ ನೇರ ಪಶ್ಚಿಮಕ್ಕೆ ನಡೆದಾಗ.

ದೂರದ ಶಾಂತಸಾಗರದ ಪ್ರಭಾವವೂ ಇದೆ. ಅಲ್ಲಿನ ನೀರು ಬಿಸಿಯೇರುವ ಎಲ್ ನಿನೋ ವರ್ಷಗಳಲ್ಲಿ ಮುಂಗಾರು ಸೊರಗುವುದು ಹೆಚ್ಚು. ಹಿಂಗಾರು ಮಾತ್ರ ಸಾಮಾನ್ಯವಾಗಿ ಬಲಗೊಳ್ಳುತ್ತದೆ. 2015ರ ಚೆನ್ನೈ ಪ್ರವಾಹ ಬಂದದ್ದು ಅಂಥ ವರ್ಷದಲ್ಲೇ.

ಚಂಡಮಾರುತ ದಡ ದಾಟಿತು ಎಂದ ಕೂಡಲೇ ಟಿವಿಯವರು ಕಡಲತೀರದಿಂದ ಕ್ಯಾಮೆರಾ ಎತ್ತಿಕೊಂಡು ಹೊರಡುತ್ತಾರೆ. ಹರೂರು, ಏರ್ಕಾಡು, ಸೇಲಂನವರಿಗೆ ಎಚ್ಚರದ ಹೊತ್ತು ಆಗ ಶುರು. ಸುಳಿ ಎತ್ತ ಹೊರಟಿದೆ, ಎಷ್ಟು ನಿಧಾನವಾಗಿದೆ ಎಂಬುದನ್ನು ಮುಂದಿನ ಎರಡು ದಿನ ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ನೋಡುತ್ತಿರಬೇಕು. ಕೆರೆ ಕೋಡಿ ಮತ್ತು ಹಳ್ಳದ ಪಕ್ಕ ವಾಹನ ನಿಲ್ಲಿಸಬಾರದು.