ತೆಳುತಗಡಿನ ಬೆಸುಗೆ

ಬೆಸುಗೆಯೆಂದೊಡನೆ ಸಾಹಿತ್ಯಪ್ರಿಯರಾದ ನಮಗೆ ಮನಸ್ಸುಗಳ ಕೂಡುವಿಕೆ ನೆನಪಾಗುತ್ತದೆ. ಆದರೆ ಆ ಮಾತಿನ ವಾಚ್ಯಾರ್ಥ ಲೋಹಕ್ಕೆ ಸೇರಿದ್ದು. ಮನೆಯಲ್ಲಿ ಸಣ್ಣ ವೆಲ್ಡಿಂಗ್ ಯಂತ್ರವಿಟ್ಟುಕೊಂಡ ಹವ್ಯಾಸಿಗೆ ದಪ್ಪ ಕಬ್ಬಿಣ ಬೇಗ ಒಲಿಯುತ್ತದೆ. ಒಂದೂವರೆ ಮಿಲಿಮೀಟರಿನ ತಗಡು ಒಲಿಯದು. ಕಾರಣವೇನು?

ಉಕ್ಕು ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರಾಡಿಗೂ ಲೋಹಕ್ಕೂ ನಡುವೆ ಹೊತ್ತುವ ವಿದ್ಯುತ್ ಚಾಪದ ಉಷ್ಣತೆ ಅದರ ಮೂರು ಪಟ್ಟನ್ನೂ ಮೀರಬಲ್ಲುದು. ದಪ್ಪ ಲೋಹ ಆ ಕಾವನ್ನು ಒಡಲೆಲ್ಲ ಹಂಚಿಕೊಂಡು ತಾಳುತ್ತದೆ. ತಗಡಿಗೆ ಅಷ್ಟು ಒಡಲಿಲ್ಲ, ತೂತು ಬೀಳುತ್ತದೆ.

ಆದುದರಿಂದ ಈ ವಿದ್ಯೆಯ ಸಾರವೆಲ್ಲ ಕಾವಿನ ಮಿತವ್ಯಯದಲ್ಲಿದೆ. 2 ಮಿಲಿಮೀಟರಿನ ರಾಡು, 40ರಿಂದ 50 ಆಂಪಿಯರ್ ವಿದ್ಯುತ್ತು ಸಾಕು. ರಾಡಿನ ತುದಿ ತಗಡಿಗೆ ತೀರ ಸಮೀಪವಿರಲಿ. ಚಾಪ ಉದ್ದವಾದಷ್ಟೂ ಕಾವು ಹರಡುತ್ತದೆ. ಮೊದಲು ಅಲ್ಲಲ್ಲಿ ಚುಕ್ಕೆಯಷ್ಟು ಬೆಸೆದು, ಬಳಿಕ ಒಂದು ಕೊನೆಯಲ್ಲಿ ಅಂಗುಲದಷ್ಟು, ಅದು ಆರುವಾಗ ಇನ್ನೊಂದು ಕೊನೆಯಲ್ಲಿ ಅಷ್ಟೇ ಬೆಸೆಯುತ್ತ ಹೋದರೆ ತಗಡು ಅಷ್ಟಾಗಿ ಸೊಟ್ಟಗಾಗದು. ಹಿಂಬದಿಗೆ ಬಿಗಿದ ತಾಮ್ರದ ಪಟ್ಟಿ ಹೆಚ್ಚಿನ ಕಾವನ್ನು ಹೀರಿಕೊಳ್ಳುತ್ತದೆ. ಮೇಲೆ ಕಟ್ಟಿದ ಕಿಟ್ಟವನ್ನು ಕುಟ್ಟಿ ತೆಗೆದ ಮೇಲೆಯೇ ಮುಂದುವರಿಯಬೇಕು.

ಎರಡು ಎಚ್ಚರಿಕೆಗಳು. ಕಪ್ಪು ಗಾಜಿನ ಮುಖಕವಚವಿಲ್ಲದೆ ಆ ಬೆಳಕನ್ನು ನೋಡಕೂಡದು. ಕೆಲವು ಗಂಟೆಗಳ ತರುವಾಯ ಕಣ್ಣು ಮರಳು ಹೊಕ್ಕಂತೆ ಉರಿಯುತ್ತದೆ. ಸತುವಿನ ಲೇಪವುಳ್ಳ ತಗಡಾದರೆ ಬೆಸೆಯುವೆಡೆಯಲ್ಲಿ ಅದನ್ನು ಮೊದಲೇ ಉಜ್ಜಿ ತೆಗೆಯಬೇಕು. ಅದರ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರಬಹುದು.