ಚೆಂಡು ತಿಳಿದ ಕಾಲು

ಬೇಸಿಗೆ ಬಂತೆಂದರೆ ಸಾಲಗುಂದದ ನೆಲ್ಲಿನ ಗದ್ದೆಗಳು ಹುಡುಗರ ಪಾಲಿಗೆ ಮೈದಾನ. ಎಡದಂಡೆ ಕಾಲುವೆಯ ನೀರು ನಿಂತು, ಕೊಯ್ಲಿನ ಮಷಿನ್ನು ಹೋದ ಮೇಲೆ ಎರೆನೆಲ ಬಾಯಿ ಬಿಟ್ಟಿರುತ್ತದೆ. ಬಿರುಕಿನಲ್ಲಿ ಅಂಗೈ ಇಳಿಯುತ್ತದೆ. ಅಂಥ ನೆಲದಲ್ಲಿ, ಕೂಳೆ ತಪ್ಪಿಸುತ್ತ, ಬಿರುಕು ದಾಟಿಸುತ್ತ ಹುಡುಗನೊಬ್ಬ ಬರಿಗಾಲಲ್ಲಿ ಚೆಂಡು ತಳ್ಳಿಕೊಂಡು ಬಂದ. ಚಪ್ಪಲಿ ಬದುವಿನ ಮೇಲಿದ್ದವು. ಕೂಳೆ ಚುಚ್ಚುವುದಿಲ್ಲವೇನಪ್ಪಾ ಎಂದೆ.

“ಚುಚ್ತೈತ್ರಿ. ಆದ್ರ ಚಪ್ಪಲಿ ಹಾಕ್ಕೊಂಡ್ರ ಚೆಂಡು ಕಾಲಿಗೆ ತಿಳಿಯಂಗಿಲ್ರಿ.”

ಆ ಮಾತು ಕೇಳಿದಂದಿನಿಂದ ನನಗೆ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ ಮತ್ತೆ ಮತ್ತೆ ನೆನಪಾಗುತ್ತಾರೆ.

1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಮನೆಯೇ ಆಟದ ಮನೆ. ಅಪ್ಪ ಬಾಬಾ ಮೆಹಮೂದ್ ಖಾನ್ ಫುಟ್‌ಬಾಲ್ ಆಡಿದವರು. ಒಡಹುಟ್ಟಿದವರೂ ಅದೇ ಹಾದಿ ಹಿಡಿದರು. ಊರೂ ಹಾಗೇ ಇತ್ತು. ಬ್ರಿಟಿಷ್ ಪಲ್ಟನ್‌ಗಳು ದಂಡುಪ್ರದೇಶಕ್ಕೆ ತಂದ ಆಟವನ್ನು ಸುತ್ತಲಿನ ಕೇರಿಗಳ ಹುಡುಗರು ಬರಿಗಾಲಿಗೆ ಒಗ್ಗಿಸಿಕೊಂಡಿದ್ದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತು. ಅದಕ್ಕೆ ಮುಂಚೆ ಸೈನ್ಯದ ಹೊರಗಿನ ಯಾವ ಭಾರತೀಯ ತಂಡಕ್ಕೂ ಆ ಕಪ್ ದಕ್ಕಿರಲಿಲ್ಲ. ಮರುವರ್ಷವೂ ಅವರೇ ಗೆದ್ದರು. ಆಗ ಅಹ್ಮದ್ ಹತ್ತು ಹನ್ನೊಂದರ ಹುಡುಗ. ಮನೆಯಲ್ಲಿ ಆಡಿದ ಅಪ್ಪ, ಊರಿನಲ್ಲಿ ಗೆದ್ದ ತಂಡ. ಇಂಥ ಕಡೆ ಬೆಳೆದವನಿಗೆ ಆಟವನ್ನು ಬೇರೆ ಕಲಿಸಬೇಕಾದದ್ದೇನಿತ್ತು!

1948ರ ಜುಲೈ 31. ಲಂಡನ್ ಒಲಿಂಪಿಕ್ಸ್, ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನ. ಎದುರಿಗೆ ಫ್ರಾನ್ಸ್. ಹಸಿರು ಹುಲ್ಲಿನ ಮೇಲೆ, ಅಹ್ಮದ್ ಇದ್ದ ಭಾರತ ತಂಡದ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಇಳಿದರು. ಕೆಲವರ ಪಾದಕ್ಕೆ ಬಟ್ಟೆಯ ಪಟ್ಟಿ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು, ನಮ್ಮ ಮೈಸೂರು ಸೀಮೆಯ ಸಾರಂಗಪಾಣಿ ರಾಮನ್ ಸರಿಗಟ್ಟಿಸಿದರು. ಎರಡು ಪೆನಾಲ್ಟಿ ಕೈತಪ್ಪಿದವು. 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಸೋತರೂ ಆ ಬರಿಗಾಲುಗಳ ಮಾತು ಊರೆಲ್ಲ ಹರಡಿತು.

ಮರುವರ್ಷ ಅಹ್ಮದ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ, ಅಹ್ಮದ್. ಸಾಲಾಗಿ ನಿಂತ ಈ ಐವರು ಮುಂಪಡೆಯವರನ್ನು ಬಂಗಾಳಿಗಳು ‘ಪಂಚ ಪಾಂಡವರು’ ಎಂದೇ ಕರೆದರು. ಐವರಲ್ಲಿ ಒಬ್ಬರೂ ಬಂಗಾಳದವರಲ್ಲ! 1949ರಿಂದ 51ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಅವರ ಪಾಲಾಯಿತು. ಅಹ್ಮದ್‌ಗೆ ಸಿಕ್ಕ ಹೆಸರು ಹಾವಾಡಿಗ. ಚೆಂಡು ಅವರ ಪಾದದ ಮುಂದೆ ಪುಂಗಿಗೆ ತಲೆದೂಗುವ ಹಾವಿನ ಹಾಗೆ ಇತ್ತ ಬಾಗಿ ಅತ್ತ ಹೊರಳುತ್ತಿತ್ತೆಂದು, ಈ ಹೆಸರು ಕೇಳಿದಾಗೆಲ್ಲ ನಾನು ಕಣ್ಣಿಗೆ ತಂದುಕೊಳ್ಳುತ್ತೇನೆ. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಾಗಲೂ ಆ ತಂಡದಲ್ಲಿ ಅವರಿದ್ದರು.

ಆಮೇಲೆ ಹೆಲ್ಸಿಂಕಿ ಒಲಿಂಪಿಕ್ಸ್, 1952ರ ಜುಲೈ 15. ಮೈ ಕೊರೆಯುವ ಚಳಿ. ಬರಿಗಾಲು ಮರಗಟ್ಟಿದರೆ ಚೆಂಡು ಹೇಗೆ ತಿಳಿದೀತು? ಆ ಕೂಟದಲ್ಲಿ ಬೆಳ್ಳಿ ಗೆಲ್ಲಲಿದ್ದ ಯುಗೊಸ್ಲಾವಿಯ ಗೋಲಿನ ಮೇಲೆ ಗೋಲು ಹೊಡೆದು ಹತ್ತು ಮಾಡಿತು. ಅಂಥ ಆಟದ 89ನೇ ನಿಮಿಷ. ಗೆಲ್ಲುವ ಮಾತು ಎಂದೋ ಮುಗಿದಿತ್ತು. ಆಗಲೂ ಅಹ್ಮದ್ ಖಾನ್ ಕಾಲು ಕೈಬಿಡಲಿಲ್ಲ. ಭಾರತದ ಒಂದೇ ಒಂದು ಗೋಲು ಅವರದು. ಆ ಗೋಲನ್ನು ನಾನು ಗೆಲುವಿನ ಗೋಲುಗಳಿಗಿಂತ ಮೇಲೆ ಇಡುತ್ತೇನೆ.

ಆ ಸೋಲಿನ ಬಳಿಕ ಭಾರತದ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಮಾಡಬೇಕಾದದ್ದೇ. ಆದರೂ ಚರ್ಮಕ್ಕೂ ಚೆಂಡಿಗೂ ನಡುವೆ ಇದ್ದ ಮಾತುಕತೆ ಅಲ್ಲಿಗೆ ನಿಂತಿತಲ್ಲ ಎಂದು ಕರುಳು ಚುರುಕ್ಕೆನ್ನುತ್ತದೆ.

ಕಲ್ಕತ್ತೆಯಲ್ಲಿ ಸುಮಾರು ಹತ್ತು ವರ್ಷ ಆಡಿದ ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ಅವರಿಗೆ 90 ವರ್ಷ.